ಶಾಲೆಗೆ ಬರುವ ಕಲಾವಿದರು: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಗ್ಯಾದರಿಂಗ್ (ವಾರ್ಷಿಕೋತ್ಸವ) ಹತ್ತಿರ ಬಂತೆಂದರೆ ನಮ್ಮ ಕಡೆ ಈ ಮಾತು ಶುರುವಾಗುತ್ತದೆ. ಯಾರನ್ನು ಕರೆಸಬೇಕು, ಯಾರು ಬೇಡ, ಹೋದ ವರ್ಷ ಬಂದವರು ಮಾಡಿದ್ದು ಸರಿಯಿತ್ತಾ? ನಾನು ಬಾದಾಮಿ ತಾಲ್ಲೂಕಿನ ಒಂದು ಸರಕಾರಿ ಪ್ರಾಥಮಿಕ ಶಾಲೆಗೆ ಹೋಗುವ ಮಕ್ಕಳ ತಾಯಿ, ಅಲ್ಲಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಸದಸ್ಯೆ. ಸಭೆಯಲ್ಲಿ, ಸಂತೆಯಲ್ಲಿ, ಮದುವೆ ಪಂಕ್ತಿಯಲ್ಲಿ, ಫೋನಿನಲ್ಲಿ ಬಾಗಲಕೋಟೆ ಜಿಲ್ಲೆಯ ಬೇರೆ ಬೇರೆ ಊರಿನ ಪೋಷಕರು ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಉತ್ತರ ಮಾತ್ರ ನನ್ನದು.

## ಮೊದಲ ಪ್ರಶ್ನೆಗಳು

ಸಾಲಿಗೆ ಹೊರಗಿನ ಕಲಾವಿದರು ಯಾಕ ಬರಬೇಕ್ರಿ? ಪಾಠ ಸಾಕಲ್ಲ?

ಪಾಠ ಬೇಕು, ಇದೂ ಬೇಕು. ಶ್ರೀಕೃಷ್ಣ ಪಾರಿಜಾತ, ಸಣ್ಣಾಟದಂಥ ಹಾಡು ಕುಣಿತದ ಜಾನಪದ ನಾಟಕಗಳು, ಕರಡಿ ಎಂಬ ಚರ್ಮವಾದ್ಯದ ಮಜಲು, ಚೌಡಿಕೆ ಪದ, ಗೀಗೀ ಪದ ಎಲ್ಲ ನಮ್ಮ ಸುತ್ತಲೇ ಬೆಳೆದವು. ಆದರೆ ಇವತ್ತು ಒಂದನೇ ತರಗತಿಯ ಮಗುವಿಗೆ ಕುಣಿತ ಎಂದರೆ ಮೊಬೈಲಿನಲ್ಲಿ ಅರ್ಧ ನಿಮಿಷ ಓಡುವ ವಿಡಿಯೊ. ಎದುರಿಗೆ ನಿಂತ ಮನುಷ್ಯ ಕರಡಿ ಬಾರಿಸಿದಾಗ ಎದೆ ಹೇಗೆ ಅದುರುತ್ತದೆ ಎಂಬುದು ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಮಾತು ಕಡಿಮೆ ಇರುವ, ಹಿಂದಿನ ಬೆಂಚಿನ ಮಕ್ಕಳು ಇಂಥ ದಿನ ಮುಂದೆ ಬಂದು ತಾಳ ಹಾಕುವುದನ್ನು ಶಿಕ್ಷಕರೂ ಹೇಳುತ್ತಾರೆ. ಹಾಗಾಗಿ ಯಾರನ್ನೂ ಕರೆಸುವುದೇ ಬೇಡ ಎಂಬ ಮಾತಿಗೆ ನನ್ನ ಒಪ್ಪಿಗೆ ಇಲ್ಲ.

ಬನಶಂಕರಿ ಜಾತ್ರ್ಯಾಗ ಎಲ್ಲಾ ನೋಡ್ತಾವ. ಸಾಲ್ಯಾಗ ಮಾತ್ರ ಯಾಕ ಇಷ್ಟ್ ಚರ್ಚೆ?

ಬನದ ಹುಣ್ಣಿಮೆ ಬಂತೆಂದರೆ ನಾಟಕ ಕಂಪನಿಗಳು ಬನಶಂಕರಿಯಲ್ಲಿ ತಂಬು ಹಾಕುತ್ತವೆ. ನಾವೂ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಮಗು ನಮ್ಮ ತೊಡೆ ಮೇಲೆ ಇರುತ್ತದೆ. ಮಾತು ಯಾಕೋ ದಾರಿ ತಪ್ಪಿತು ಅನ್ನಿಸಿದರೆ ಎದ್ದು ಮಿರ್ಚಿ ಭಜಿ ಅಂಗಡಿಗೆ ಹೋಗಬಹುದು.

ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ತಂದು ಕೂರಿಸುತ್ತಾರೆ. ಭಯವಾದರೂ, ಬೇಡವೆನಿಸಿದರೂ ಆರು ವರ್ಷದ ಮಗು ಎದ್ದು ಹೋಗುವಂತಿಲ್ಲ. ಇನ್ನೊಂದು ವಿಷಯವೂ ಇದೆ. ಗುರುಗಳು ತೋರಿಸಿದ್ದು ಎಂದರೆ ಅದು ಒಳ್ಳೆಯದೇ ಎಂದು ಮಗು ನಂಬುತ್ತದೆ. ಜಾತ್ರೆಗೆ ಈ ಹೊಣೆ ಇಲ್ಲ, ಶಾಲೆಗೆ ಇದೆ. ಕೆಳಗಿನ ಎಲ್ಲ ಉತ್ತರಗಳ ಹಿಂದೆ ನನ್ನ ಲೆಕ್ಕ ಇದೇ: ಎದ್ದು ಹೋಗಲಾಗದ ಮಗುವಿನ ಮುಂದೆ ಏನು ನಡೆಯುತ್ತದೆ ಎಂದು ಮೊದಲು ನೋಡಿ. ಬಂದವರ ಜಾತಿ, ಉಡುಗೆ, ಹುಟ್ಟು ನೋಡುವುದು ಬೇಡ.

ತೀರ್ಮಾನ ಯಾರ್ದು? ಹೆಡ್ ಮಾಸ್ತರ್ದಾ, ನಮ್ದಾ?

ಸರಕಾರಿ ಶಾಲೆಯಾದರೆ ಇಬ್ಬರದೂ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಶಾಲಾ ಸಮಿತಿಯಲ್ಲಿ ಕನಿಷ್ಠ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಹೆಣ್ಣುಮಕ್ಕಳು ಇರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು ಆ ಸಮಿತಿಯ ಕೆಲಸ. ನಮ್ಮಲ್ಲಿ ಅದೇ ಎಸ್‌ಡಿಎಂಸಿ. ಆದರೆ ಎಷ್ಟೋ ಕಡೆ ಹೆಣ್ಣುಮಕ್ಕಳ ಹೆಸರು ಪಟ್ಟಿಯಲ್ಲಿ ಇರುತ್ತದೆ, ಸಭೆಗೆ ಗಂಡ ಹೋಗಿ ಸಹಿ ಮಾಡಿ ಬರುತ್ತಾನೆ. ಅವ್ವಂದಿರು ತಾವೇ ಹೋಗಿ ಕೂತರೆ ಈ ಚರ್ಚೆಯ ಅರ್ಧ ಗದ್ದಲ ಇರುವುದಿಲ್ಲ, ಇದು ನಾನು ಕಂಡದ್ದು.

ಅನುದಾನ ಇಲ್ಲದ ಖಾಸಗಿ ಶಾಲೆಗೆ ಈ ಕಲಂ ಅನ್ವಯಿಸುವುದಿಲ್ಲ. ಅಲ್ಲಿ ಪಾಲಕರ ಸಭೆಯಲ್ಲೇ ಕೇಳಬೇಕು. ಫೀಸು ಕೊಟ್ಟಿದ್ದೇವೆ ಎಂದು ಸುಮ್ನೆ ಕೂರಬೇಡಿ.

ಆಟ ನೋಡಾಕ ಹತ್ತಿಪ್ಪತ್ತು ರೂಪಾಯಿ ತರಲೇಬೇಕಂತಾರ. ಕೊಡದಿದ್ರ?

ಕೊಡದ ಮಗುವನ್ನು ಹೊರಗೆ ನಿಲ್ಲಿಸುವುದು ತಪ್ಪು. ಊರಿನ ದಾನಿಗಳು ಇರುತ್ತಾರೆ, ಅವರನ್ನು ಕೇಳಿ. ಅದೂ ಆಗದಿದ್ದರೆ ಆ ವರ್ಷ ಬೇಡ.

## ಯಾವ ಕಲೆ, ಯಾವ ವಯಸ್ಸಿಗೆ

ಮ್ಯಾಜಿಕ್ ತೋರಸಿದ್ರ ಹುಡುಗರು ಮಾಟ ಮಂತ್ರ ನಂಬಂಗಿಲ್ಲೇನು?

ಆಟದವರು ಏನು ಹೇಳಿ ತೋರಿಸುತ್ತಾರೆ ಎಂಬುದರ ಮೇಲಿದೆ. ಸುಡುಗಾಡು ಸಿದ್ಧರ ಕೈಚಳಕ ನೋಡಿ ಬೆಳೆದವರು ನಾವು. ಖಾಲಿ ಬುಟ್ಟಿಯಿಂದ ಏನೋ ತೆಗೆಯುವುದು, ಕೈಯೊಳಗಿನ ನಾಣ್ಯ ಮಾಯ ಮಾಡುವುದು, ಇವೆಲ್ಲ ಬೆರಳಿನ ಅಭ್ಯಾಸ. "ಇದು ಕೈಚಳಕ, ಕಲಿತರೆ ನಿಮಗೂ ಬರುತ್ತದೆ" ಎಂದು ಹೇಳಿ ಒಂದೆರಡು ಬಿಡಿಸಿ ತೋರಿಸಿದರೆ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ಬೇಡ. "ನನಗೆ ದೇವರ ಶಕ್ತಿ ಇದೆ" ಎಂದರೆ, ಆಟ ಮುಗಿದ ಮೇಲೆ ತಾಯತ ಮಾರಲು ಹೊರಟರೆ ಅಂಥವರು ಶಾಲೆಗೆ ಬೇಡ.

ಬ್ಲೇಡು ನುಂಗುವುದು, ಬಾಯಿಂದ ಬೆಂಕಿ ಉಗುಳುವುದು, ಕುತ್ತಿಗೆಗೆ ಹಗ್ಗ ಬಿಗಿಯುವುದು ಎಷ್ಟೇ ಚಂದ ಇದ್ದರೂ ಬೇಡ. ಸಣ್ಣ ಮಕ್ಕಳು ಮನೆಗೆ ಬಂದು ಅದನ್ನೇ ಮಾಡಿ ನೋಡುತ್ತಾರೆ. ಪವಾಡಗಳ ಗುಟ್ಟು ಬಯಲು ಮಾಡುವ ಕಾರ್ಯಕ್ರಮಗಳಲ್ಲೂ ಕರ್ಪೂರ ನುಂಗುವುದು, ಕೆಂಡ ಹಾಯುವುದು ಇರುತ್ತದೆ. ಉದ್ದೇಶ ಒಳ್ಳೆಯದೇ, ಆದರೆ ಆ ಭಾಗ ಹೈಸ್ಕೂಲಿಗೆ ಇರಲಿ.

ಹಾವು, ಮಂಗ್ಯಾ ತರ್ತಾರಲ್ಲ, ಅದು ನಡೀತೈತಾ?

ನಡೆಯುವುದಿಲ್ಲ. ನಾಗರಹಾವು ಹಿಡಿದು ಇಟ್ಟುಕೊಂಡು ಆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಪ್ರದರ್ಶನಕ್ಕೆ ಬಳಸುವುದನ್ನು ಕೇಂದ್ರ ಸರಕಾರ 1998ರಲ್ಲೇ ನಿಲ್ಲಿಸಿದೆ. ಹಾವಿನ ಬಗ್ಗೆ ತಿಳಿಸಲೇಬೇಕು ಎಂದಿದ್ದರೆ ಚಿತ್ರ ಇಟ್ಟುಕೊಂಡು ಹೇಳಲಿ. ಕಬ್ಬಿನ ಗದ್ದೆಯ ಊರುಗಳಲ್ಲಿ ಹಾವು ಕಚ್ಚಿದಾಗ ಮೊದಲು ಏನು ಮಾಡಬೇಕು ಎಂಬುದು ಮಕ್ಕಳಿಗೆ ಗೊತ್ತಿರಬೇಕು.

ಪುರವಂತರು ನಮ್ಮ ದೇವರ ಕೆಲಸದವರು. ಅವರನ್ನೂ ಬ್ಯಾಡ ಅಂದ್ರ ಹೆಂಗ?

ಪುರವಂತರನ್ನು ಬೇಡ ಎನ್ನುತ್ತಿಲ್ಲ. ಅವರ ಒಡಪು, ಸಂಬಾಳದ ಬಡಿತ, ವೀರಭದ್ರನ ವೇಷ ಮಕ್ಕಳ ಮೈ ಜುಮ್ ಎನ್ನಿಸುತ್ತದೆ. ಅಷ್ಟನ್ನು ಖಂಡಿತ ಮಾಡಿಸಿ. ಗಲ್ಲಕ್ಕೆ ಶಸ್ತ್ರ ಹಾಕಿಕೊಳ್ಳುವುದನ್ನು ಬಿಡಿ. ಬಾಯಿಬೀಗದ ಹೆಸರಿನಲ್ಲಿ ದವಡೆಗೆ ಸರಳು ಚುಚ್ಚುವುದು 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಬರುತ್ತದೆ. ಕಾಯ್ದೆಯ ಮಾತು ಬದಿಗಿಟ್ಟರೂ, ರಕ್ತ ನೋಡಿ ಒಂದನೇ ತರಗತಿಯ ಮಗು ರಾತ್ರಿ ಬೆಚ್ಚಿ ಬೀಳುವುದು ಬೇಡ. ಬಾರುಕೋಲಿನಿಂದ ಮೈಗೆ ಹೊಡೆದುಕೊಳ್ಳುವ ದುರಗಮುರಗಿಯವರ ಆಟಕ್ಕೂ ಇದೇ ಮಾತು. ಮೊದಲೇ ಹೇಳಿದರೆ ಹಿರಿಯ ಕಲಾವಿದರು ಬೇಜಾರು ಮಾಡಿಕೊಳ್ಳುವುದಿಲ್ಲ. ವೇದಿಕೆ ಮೇಲೆ ನಿಂತ ಮೇಲೆ ತಡೆದರೆ ಅವರಿಗೆ ಅವಮಾನ.

ಹಿಪ್ನಾಟಿಸಂ ಶೋ ಮಾಡ್ತೀವಿ, ಹುಡುಗರ ಓದು ಸುಧಾರಸ್ತೈತಿ ಅಂತಾರ. ನಂಬಬಹುದಾ?

ಬೇಡ. ಒಂದು ಗಂಟೆಯ ಆಟದಿಂದ ಓದು ಸುಧಾರಿಸುವುದಿಲ್ಲ. ನಡೆಯುವುದು ಏನೆಂದರೆ ಒಂದು ಮಗುವನ್ನು ವೇದಿಕೆಗೆ ಕರೆದು, ಕೋಳಿಯಂತೆ ಕೂಗಿಸಿ, ಉಳಿದವರನ್ನು ನಗಿಸುವುದು. ಆಮೇಲೆ ವರ್ಷಪೂರ್ತಿ ಆ ಮಗುವಿಗೆ ಅದೇ ಅಡ್ಡಹೆಸರು. ಶಾಲೆಯಲ್ಲಿ ಮಗುವಿಗೆ ಮಾನಸಿಕ ಕಿರುಕುಳ ಕೊಡಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೇಳುತ್ತದೆ. ಇದನ್ನು ನಾನು ಅದರಲ್ಲೇ ಸೇರಿಸುತ್ತೇನೆ.

ನಮ್ಮ ಸೀಮಿ ಆಟ ಅಂದ್ರ ಸಂಗ್ಯಾ ಬಾಳ್ಯಾ, ಪಾರಿಜಾತ. ಅವನ್ನ ಹುಡುಗರಿಗೆ ತೋರಸದಿದ್ರ ಕಲಾ ಉಳಿಯೂದು ಹೆಂಗ?

ಈ ಪ್ರಶ್ನೆ ಕೇಳುವವರ ಸಂಕಟ ನನಗೆ ಅರ್ಥವಾಗುತ್ತದೆ. ಎರಡನ್ನೂ ಬೇರೆ ಬೇರೆ ನೋಡೋಣ.

ಸಂಗ್ಯಾ ಬಾಳ್ಯಾ ಬೈಲಹೊಂಗಲ ಕಡೆಯ ಸಣ್ಣಾಟ. ಹಾಡು ಬಹಳ ಚಂದ. ಆದರೆ ಕಥೆ ಏನು? ಬೇರೊಬ್ಬನ ಹೆಂಡತಿಯ ಮೇಲೆ ಮನಸ್ಸು ಇಡುವುದು, ಗಂಡ ಊರಲ್ಲಿ ಇಲ್ಲದಾಗ ಮನೆ ಸೇರುವುದು, ಕೊನೆಗೆ ಕೊಲೆ. ದೊಡ್ಡವರಿಗೆ ಅದು ಎದೆ ಹಿಂಡುವ ಆಟ. ಏಳು ವರ್ಷದವರಿಗೆ ಅದರಲ್ಲಿ ಸಿಗುವುದು ಕೊಲೆಯೊಂದೇ. ಮೇಳದವರನ್ನು ಕರೆಸಿ, ದಪ್ಪು ಬಾರಿಸುವುದು, ಏರುದನಿಯಲ್ಲಿ ಹಾಡುವುದು, ಹಿಮ್ಮೇಳ ಹಿಡಿಯುವುದು ತೋರಿಸಲಿ. ಇಡೀ ಆಟವನ್ನು ಮಕ್ಕಳು ದೊಡ್ಡವರಾದ ಮೇಲೆ ತಾವೇ ಹುಡುಕಿಕೊಂಡು ಹೋಗಿ ನೋಡುತ್ತಾರೆ.

ಪಾರಿಜಾತದ ಮಾತು ಬೇರೆ. ನಾರದ ತಂದ ಹೂವು ರುಕ್ಮಿಣಿಗೆ ಹೋಯಿತು, ಸತ್ಯಭಾಮೆಗೆ ಸಿಟ್ಟು ಬಂತು, ಕೃಷ್ಣ ಸಮಾಧಾನ ಮಾಡಬೇಕು. ತನಗೆ ಸಿಗದ್ದು ಬೇರೆಯವರಿಗೆ ಸಿಕ್ಕರೆ ಬರುವ ಸಿಟ್ಟು ಯಾವ ಮಗುವಿಗೆ ಗೊತ್ತಿಲ್ಲ? ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಹೆಸರು ಮಾಡಿದ ಆಟ ಇದು. ಎರಡೂ ಊರು ಪಕ್ಕದ ಬೆಳಗಾವಿ ಜಿಲ್ಲೆಯವು. ರಾತ್ರಿಯಿಡೀ ನಡೆಯುವ ಆಟದಿಂದ ಮುಕ್ಕಾಲು ಗಂಟೆಯ ಭಾಗ ಆರಿಸಿಕೊಡಿ ಎಂದು ಮೇಳದವರನ್ನೇ ಕೇಳಿ. ಗೊಲ್ಲತಿಯ ಸಂವಾದದಲ್ಲಿ ಎರಡರ್ಥದ ಮಾತು ಬರುವುದುಂಟು. ಅದನ್ನು ಬಿಟ್ಟು ಭಾಮೆಯ ಸಿಟ್ಟು, ಕೊರವಂಜಿಯ ಭಾಗ ಇಟ್ಟರೆ ಚಂದ.

ತೊಗಲುಗೊಂಬೆಯಾಟಕ್ಕೂ ಹೀಗೇ. ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅಂಥ ಕಲೆಯನ್ನು ಮಕ್ಕಳು ನೋಡಲೇಬೇಕು. ಆದರೆ ನಡುವೆ ಬರುವ ಹಾಸ್ಯದ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕನ ಮಾತು ಕೆಲವು ಸಲ ಅಶ್ಲೀಲವಾಗಿರುತ್ತದೆ. ಮಕ್ಕಳ ಮುಂದೆ ಹೇಗೆ ಹೇಳುತ್ತೀರಿ ಎಂದು ಮೊದಲೇ ಮಾತಾಡಿಕೊಳ್ಳಿ.

## ಜಾಸ್ತಿ ಜಗಳ ಆಗುವ ಪ್ರಶ್ನೆಗಳು

ಗಂಡಸರು ಸೀರಿ ಉಟ್ಟು ಕುಣಿದ್ರ ಸಣ್ಣ ಹುಡುಗರಿಗೆ ಗೊಂದಲ ಆಗೂದಿಲ್ಲೇನು?

ಈ ಸೀಮೆಯ ರಂಗಭೂಮಿ ನಿಂತದ್ದೇ ಸ್ತ್ರೀಪಾತ್ರದ ಗಂಡಸರ ಮೇಲೆ. ಸವದತ್ತಿ ತಾಲ್ಲೂಕಿನ ಏಣಗಿ ಬಾಳಪ್ಪ ಅವರು 1914ರಲ್ಲಿ ಹುಟ್ಟಿ 2017ರವರೆಗೆ ಬದುಕಿದ ದೊಡ್ಡ ನಟ. ಚಿಕ್ಕ ವಯಸ್ಸಿನಲ್ಲಿ ಅವರೂ ಹೆಣ್ಣಿನ ಪಾತ್ರ ಮಾಡಿದವರು. ನಮ್ಮ ಅಜ್ಜ ಅಜ್ಜಿಯರು ಅದನ್ನು ನೋಡಿ ಕಣ್ಣೀರು ಹಾಕಿದ್ದಾರೆ, ಗೊಂದಲ ಮಾಡಿಕೊಂಡಿಲ್ಲ. ಹಗಲುವೇಷದವರು ಇವತ್ತಿಗೂ ಸೀತೆಯಾಗಿ ಓಣಿಗೆ ಬರುತ್ತಾರೆ. ನಮ್ಮ ಗ್ಯಾದರಿಂಗಿನಲ್ಲೇ ಹುಡುಗಿ ಸಂಗೊಳ್ಳಿ ರಾಯಣ್ಣ ಆಗುತ್ತಾಳೆ, ಮೀಸೆ ಬರೆಯುವವರು ನಾವೇ. ವೇಷ ಎಂದರೇನು ಎಂದು ಮಕ್ಕಳಿಗೆ ಗೊತ್ತು.

ಹೆಣ್ಣಿನ ಮೈಯನ್ನು ಅಣಕಿಸಿ ನಗಿಸುವ ವೇಷ ಮಾತ್ರ ಬೇಡ. ಸೀರೆ ಉಟ್ಟು ಸೊಂಟ ತಿರುಗಿಸಿ "ನೋಡ್ರಿ ಹೆಂಗಸರು ಹಿಂಗ" ಎನ್ನುವುದರಿಂದ ಕಲೆಗೂ ಮರ್ಯಾದೆ ಇಲ್ಲ, ಕೂತ ಹೆಣ್ಣುಮಕ್ಕಳಿಗೂ ಇಲ್ಲ.

ಜೋಗತಿಯರು, ಅಂದ್ರ ತೃತೀಯ ಲಿಂಗಿಯರು, ಸಾಲಿಗೆ ಬರೂದು ಸರಿನಾ?

ಸರಿ. ಈ ಪ್ರಶ್ನೆಗೆ ನಾನು ಸುತ್ತಿ ಬಳಸಿ ಉತ್ತರ ಹೇಳುವುದಿಲ್ಲ.

ಎಲ್ಲಮ್ಮನ ಸೇವೆಗೆ ನಿಂತ ಜೋಗತಿಯರು ನಮ್ಮ ಮಕ್ಕಳಿಗೆ ಹೊಸಬರಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ, ಭರತ ಹುಣ್ಣಿಮೆಯಲ್ಲಿ, ಜಗ (ದೇವಿಯ ಮೂರ್ತಿ ಇಟ್ಟ ಬುಟ್ಟಿ) ಹೊತ್ತು ಮನೆ ಬಾಗಿಲಿಗೆ ಬಂದಾಗ ನೋಡಿಯೇ ಇರುತ್ತಾರೆ. ನಾವೇ ಮೊರದಲ್ಲಿ ಜೋಳ ಹಾಕಿ, ಕೈ ಮುಗಿದು, ಭಂಡಾರ ಹಚ್ಚಿಸಿಕೊಳ್ಳುತ್ತೇವೆ. ಬಾಗಿಲಲ್ಲಿ ನಾವೇ ಕೈ ಮುಗಿದು ಬರಮಾಡಿಕೊಂಡವರನ್ನು ಶಾಲೆಯ ಗೇಟಿನಲ್ಲಿ ತಡೆದರೆ ಮಗು ಅದರಿಂದ ಏನು ಕಲಿಯುತ್ತದೆ, ಯೋಚಿಸಿ.

ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತಲೆ ಮೇಲೆ ಕೊಡ ಹೊತ್ತು, ಕೈ ಹಚ್ಚದೆ ಕುಣಿಯುವುದಕ್ಕೆ ಎಷ್ಟು ವರ್ಷದ ಸಾಧನೆ ಬೇಕು! ಸುಪ್ರೀಂ ಕೋರ್ಟ್ 2014ರಲ್ಲಿ ಇಂಥವರನ್ನು ತೃತೀಯ ಲಿಂಗ ಎಂದು ಗುರುತಿಸಿತು. ಶಿಕ್ಷಣ, ಉದ್ಯೋಗ, ಸೇವೆಗಳಲ್ಲಿ ಭೇದ ಮಾಡಬಾರದು ಎಂದು 2019ರ ಕಾಯ್ದೆ ಹೇಳುತ್ತದೆ. ಇವರ ಹುಟ್ಟನ್ನು ನೋಡಿ "ಬೇಡ" ಎಂದು ಠರಾವು ಬರೆಯುವ ಸಮಿತಿ ತಪ್ಪು ಮಾಡುತ್ತದೆ.

ವಿರೋಧಿಸುವ ಪೋಷಕರೆಲ್ಲ ದ್ವೇಷದಿಂದ ಮಾತಾಡುತ್ತಾರೆ ಎಂದಲ್ಲ. ಒಬ್ಬ ತಾಯಿ ನನಗೆ ಹೇಳಿದ್ದು: "ಅವರ ಮ್ಯಾಲ ನನಗ ಸಿಟ್ಟಿಲ್ಲವ್ವಾ. ಹಿಂದ ನಿಂತ ಗಂಡಸರು ಸಿಳ್ಳಿ ಹೊಡಿತಾರಲ್ಲ, ನೋಟು ತೂರತಾರಲ್ಲ, ಅದನ್ನ ನನ್ನ ಮಗಳು ನೋಡಬಾರದು." ಆಕೆಯ ಮಾತು ಸರಿ. ಕೆಡುವುದು ಬಹಳ ಸಲ ಹಿಂದಿನ ಸಾಲಿನಿಂದ. ಅದಕ್ಕೇ ಕಾರ್ಯಕ್ರಮ ಹಗಲು ಹೊತ್ತಿನಲ್ಲಿ, ಶಾಲೆಯ ಸಮಯದಲ್ಲಿ ಇರಲಿ. ವೇದಿಕೆಯಲ್ಲಿ ಆಹೇರಿ (ಉಡುಗೊರೆ) ಬೇಡ, ನೋಟು ಹಿಡಿದು ಹತ್ತಿರ ಬರುವುದು ಬೇಡ. ಊರಿನ ಯುವಕರು ಹೊರಗೆ ಇರಲಿ.

ಮಗು "ಅವರು ಅಕ್ಕನಾ, ಅಣ್ಣನಾ?" ಎಂದು ಕೇಳಿದರೆ ಗದರಿಸಬೇಡಿ. "ಹುಟ್ಟಿದಾಗ ಗಂಡು ಅಂದರು, ಈಗ ಹೆಣ್ಣಾಗಿ ಬದುಕುತ್ತಾರೆ. ನಾವು ಅಮ್ಮಾ ಅನ್ನೋಣ" ಎಂದರೆ ಆ ವಯಸ್ಸಿಗೆ ಅಷ್ಟು ಸಾಕು. ಮುಂದಿನ ಪ್ರಶ್ನೆ ಹೆಚ್ಚಾಗಿ ಕೊಡ ಯಾಕೆ ಬೀಳಲಿಲ್ಲ ಎಂಬುದೇ ಇರುತ್ತದೆ.

ಹಂಗಾದ್ರ ಮುತ್ತು ಕಟ್ಟೂ ಪದ್ಧತಿಗೆ ನಾವ ಒಪ್ಪಿಗಿ ಕೊಟ್ಟಂಗ ಆಗ್ಲಿಲ್ಲೇನು?

ಬಹಳ ಮುಖ್ಯವಾದ ಪ್ರಶ್ನೆ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವದಾಸಿ ಬಿಟ್ಟ ನೋವು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಊರುಗಳಿಗೆ ಹೊಸದಲ್ಲ. 1982ರ ಕಾಯ್ದೆಯೇ ಅದನ್ನು ನಿಷೇಧಿಸಿತು. ಹಾಗಾಗಿ ಶಾಲೆಯಲ್ಲಿ ಕುಣಿತ, ಚೌಡಿಕೆ, ಹಾಡು ಮಾತ್ರ. ಮುತ್ತು ಕಟ್ಟುವುದನ್ನು ಅಭಿನಯಿಸುವುದು, ದೇವರು ಮೈಮೇಲೆ ಬರುವುದು, ಮಕ್ಕಳಿಗೆ ಆಶೀರ್ವಾದವೆಂದು ಮಣಿ ಹಾಕುವುದು ಯಾವುದೂ ಬೇಡ. ಈ ಗೆರೆಯನ್ನು ಕಲಾವಿದರೊಡನೆ ಬಾಯಿಬಿಟ್ಟು ಮಾತಾಡಿ. ಅವರಲ್ಲಿ ಎಷ್ಟೋ ಜನ ಈ ಪದ್ಧತಿಯ ಕಷ್ಟ ಉಂಡವರೇ, ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ಶಿಕ್ಷಕರಿಗೂ ಒಂದು ಮಾತು. ದೇವದಾಸಿ ತಾಯಂದಿರ ಮಕ್ಕಳು ಅದೇ ಸಾಲಿನಲ್ಲಿ ಕೂತಿರಬಹುದು. ಪರಿಚಯ ಮಾಡಿಕೊಡುವಾಗ ಅವರ ಮನೆಯ ಕಡೆ ಬೆರಳು ತೋರುವಂಥ ಒಂದು ಮಾತೂ ಬರಬಾರದು.

ಆರ್ಕೆಸ್ಟ್ರಾ, ರೆಕಾರ್ಡ್ ಡ್ಯಾನ್ಸಿಗೆ ಯಾರೂ ತಕರಾರು ಮಾಡೂದಿಲ್ಲ. ಅದು ಸರಿಯೇನು?

ಇದನ್ನು ಕೇಳುವವರು ಕಡಿಮೆ, ಜಾಸ್ತಿ ಜನ ಕೇಳಬೇಕಿತ್ತು. ಜೋಗತಿ ಕುಣಿತಕ್ಕೆ ಸಭೆ ಕರೆಯುವ ನಾವು, ಎರಡನೇ ತರಗತಿ ಹುಡುಗಿ ಕುಡಿತದ ಹಾಡಿಗೆ, ಐಟಂ ಹಾಡಿಗೆ ಕುಣಿದರೆ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತೇವೆ. ಹಾಡಿನ ಪಟ್ಟಿಯನ್ನು ಮೊದಲೇ ಓದಿ. ಸಾಹಿತ್ಯ ಓದಿದ ಮೇಲೆ ಎಷ್ಟೋ ಹಾಡು ತಾವಾಗಿಯೇ ಬಿದ್ದು ಹೋಗುತ್ತವೆ.

ಭಜನಿ ಮೇಳ ಬರ್ತೈತಿ, ರಿವಾಯತ್ ಯಾಕ ಬ್ಯಾಡ? ಇಲ್ಲಾ ಎರಡೂ ಬ್ಯಾಡಾ?

ನಮ್ಮ ಊರುಗಳಲ್ಲಿ ಮೊಹರಂ ಅಲಾವಿ (ಬೆಂಕಿಯ ಗುಂಡಿ) ಸುತ್ತ ಹೆಜ್ಜೆ ಹಾಕುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಮೊಹರಂನಲ್ಲಿ ಹಾಡುವ ರಿವಾಯತ್ ಹಾಡುಗಳೂ ಕನ್ನಡದವೇ. ಕಲೆಯಾಗಿ ಎರಡೂ ಬರಲಿ. ಪೂಜೆಯಾಗಿ ಎರಡೂ ಬೇಡ. ಪೂರ್ತಿ ಸರಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಬಾರದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಅನುದಾನದ ಶಾಲೆಯಲ್ಲೂ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಪೂಜೆ ಪ್ರಾರ್ಥನೆಗೆ ಕೂರಿಸುವಂತಿಲ್ಲ. ಹಾಡು ಕೇಳಿಸಿ, ತಾಳ ಕಲಿಸಿ. ಆರತಿ, ಫಾತೆಹಾ ಮನೆಯಲ್ಲಿ ಇರಲಿ.

## ಜವಾಬ್ದಾರಿ ಹೊತ್ತವರ ಪ್ರಶ್ನೆಗಳು

ಕರೆಸೂ ಮುಂಚೆ ಏನೇನು ಕೇಳ್ಕೋಬೇಕು?

ಮೊದಲು ಇಬ್ಬರು ಹೋಗಿ ಅವರ ಆಟ ಬೇರೆಲ್ಲಾದರೂ ನೋಡಿ ಬನ್ನಿ, ಅವರಲ್ಲಿ ಒಬ್ಬರು ತಾಯಿ ಇರಲಿ. ಅದು ಆಗದಿದ್ದರೆ ಏನು ಮಾಡುತ್ತಾರೆ, ಎಷ್ಟು ಹೊತ್ತು, ಮಕ್ಕಳನ್ನು ವೇದಿಕೆಗೆ ಕರೆಯುತ್ತಾರಾ, ಬೆಂಕಿ ಚಾಕು ಇದೆಯಾ ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಲಿ ಕಲಿಯ ಒಂದರಿಂದ ಮೂರನೇ ತರಗತಿಯವರನ್ನು ಅರ್ಧ ಗಂಟೆಗಿಂತ ಜಾಸ್ತಿ ಕೂರಿಸಬೇಡಿ. ದೊಡ್ಡವರಿಗೆ ಬೇರೆ ಪ್ರದರ್ಶನ ಇಟ್ಟರೆ ಒಳ್ಳೆಯದು.

ಬಂದವರು ಯಾರೇ ಆಗಲಿ, ಎಷ್ಟೇ ದೊಡ್ಡ ಹೆಸರಿನವರಾಗಲಿ, ಮಗುವಿನ ಜೊತೆ ಒಬ್ಬರೇ ಇರಬಾರದು. ಬಣ್ಣ ಹಚ್ಚುವ ಕೋಣೆಗೆ ಮಕ್ಕಳನ್ನು ಬಿಡಬೇಡಿ. ಮಕ್ಕಳ ಹತ್ತಿರ ಫೋನ್ ನಂಬರ್ ಕೇಳುವುದು, ಸೆಲ್ಫಿ ತೆಗೆಯುವುದು ಬೇಡ. ಏನಾದರೂ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. "ಶಾಲೆಯ ಹೆಸರು ಹೋಗ್ತದೆ" ಎಂದು ಮುಚ್ಚಿಡುವುದೇ ಅಪರಾಧ.

ನನಗ ಒಪ್ಪಿಗಿ ಇಲ್ಲ. ನನ್ನ ಮಗ ಒಬ್ಬನ್ನ ಹೊರಗ ಕುಂದ್ರಿಸಿದ್ರ ಅವನಿಗೆ ಅವಮಾನ ಅಲ್ಲೇನು?

ಅವಮಾನ ಆಗದಂತೆ ಮಾಡುವುದು ಶಾಲೆಯ ಕೆಲಸ. ಒಂದು ವಾರ ಮೊದಲೇ ಪೋಷಕರಿಗೆ ಚೀಟಿ ಹೋಗಲಿ: ಯಾರು ಬರುತ್ತಾರೆ, ಏನು ತೋರಿಸುತ್ತಾರೆ. ಬೇಡ ಎಂದವರ ಮಕ್ಕಳಿಗೆ ಒಬ್ಬ ಶಿಕ್ಷಕಿಯ ಜೊತೆ ಕಥೆ ಪುಸ್ತಕ, ಚಿತ್ರ ಬಿಡಿಸುವುದು ಇರಲಿ. ಕಾರಣ ಕೇಳಿ ಮಗುವನ್ನು ಎಲ್ಲರೆದುರು ನಿಲ್ಲಿಸಬಾರದು. ನಿಮ್ಮ ಮಗುವಿಗೆ ಬೇಡ ಎನ್ನುವ ಹಕ್ಕು ನಿಮಗೆ ಇದೆ. ಉಳಿದ ಎಲ್ಲರ ಮಕ್ಕಳಿಗೂ ಬೇಡ ಎನ್ನಲು ಸಭೆಗೆ ಬಂದು ಕಾರಣ ಹೇಳಬೇಕು.

ನಡು ಆಟದಾಗ ಹೊಲಸು ಮಾತು ಬಂದ್ರ ಏನ್ ಮಾಡಬೇಕು?

ನಿಲ್ಲಿಸಿ. ಹೆಡ್ ಮಾಸ್ತರು ಮೈಕ್ ತೆಗೆದುಕೊಂಡು "ನೀರು ಕುಡಿದು ಬರೋಣ" ಎಂದರೆ ಮುಗಿಯಿತು. ಮಕ್ಕಳ ಮುಂದೆ ಕಲಾವಿದರನ್ನು ಬೈಯಬೇಡಿ, ಪಕ್ಕಕ್ಕೆ ಕರೆದು ಹೇಳಿ. ಮರುದಿನ ತರಗತಿಯಲ್ಲಿ ಶಿಕ್ಷಕರು ಮಕ್ಕಳೊಡನೆ ಮಾತಾಡಲಿ. ಅವರು ಏನು ಕೇಳಿಸಿಕೊಂಡರು ಎಂದು ತಿಳಿಯುವುದು ಮುಖ್ಯ.

ವಾಟ್ಸ್ಯಾಪ್‌ನ್ಯಾಗ ಹತ್ತು ಸೆಕೆಂಡಿನ ವಿಡಿಯೊ ಹಾಕಿ ಗದ್ದಲ ಎಬ್ಬಿಸ್ಯಾರ. ಈಗೇನು?

ಆ ದಿನ ಅಲ್ಲಿ ಕೂತಿದ್ದ ಶಿಕ್ಷಕರನ್ನೂ ನಾಲ್ಕಾರು ಪೋಷಕರನ್ನೂ ಮೊದಲು ಕೇಳಿ. ಠರಾವು ಪುಸ್ತಕದಲ್ಲಿ ಏನು ಬರೆದಿದೆ, ಕರೆಸುವ ಮುಂಚೆ ಬರೆದುಕೊಂಡ ಹಾಳೆಯಲ್ಲಿ ಏನಿದೆ, ನಡೆದದ್ದು ಏನು ಎಂದು ಹೋಲಿಸಿ ನೋಡಿ. ವಿಡಿಯೊದಲ್ಲಿ ಮಕ್ಕಳ ಮುಖ ಇದ್ದರೆ ಹಂಚುವುದನ್ನು ನಿಲ್ಲಿಸಲು ಅವತ್ತೇ ಹೇಳಿ. ಇನ್ನು ಮುಂದೆ ಶಾಲೆಯ ಒಂದು ಫೋನಿನಲ್ಲಿ ಮಾತ್ರ ಚಿತ್ರೀಕರಣ ಎಂದು ಠರಾವು ಮಾಡಿ.

ಬಂದ ಕಲಾವಿದರನ್ನ ಹೆಂಗ ನೋಡ್ಕೋಬೇಕು?

ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಳ್ಳುವಂಥ ಕೋಣೆ ಬೇಕು. ಕುಡಿಯಲು ನೀರು, ಶೌಚಾಲಯದ ಬೀಗದ ಕೈ ಬೇಕು. ಊಟ ಶಿಕ್ಷಕರ ಪಂಕ್ತಿಯಲ್ಲೇ ಆಗಲಿ, ಬೇರೆ ತಟ್ಟೆ, ಬೇರೆ ಜಾಗ ಯಾರಿಗೂ ಬೇಡ. ಮಾತಾಡಿದ ಸಂಭಾವನೆಯನ್ನು "ಬಿಲ್ ಆಗಲಿ ನೋಡೋಣ" ಎನ್ನದೆ ಅವತ್ತೇ ಕೈಗೆ ಕೊಡಿ. ಮೇಳದವರು ಬಹಳ ಜನ ದಿನಗೂಲಿ ಬಿಟ್ಟು ಬಂದಿರುತ್ತಾರೆ, ಕೊನೇ ಬಸ್ ಹಿಡಿಯಬೇಕಿರುತ್ತದೆ.